ಬಳ್ಳಾರಿ ಹುಡುಗ, ಬಾಕ್ಸಿಂಗ್, ಅರ್ಧಕ್ಕೆ ನಿಂತ ಕಾದಂಬರಿ: ಕೊನೆಗೊಂದು ಫೈಟ್ ಬೇಕೇ ಬೇಕಾ?

ಕೋಟೆಗುಡ್ಡ (ಬಳ್ಳಾರಿ)
ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಬರೆಯುತ್ತಿದ್ದೇನೆ, ಅರ್ಧಕ್ಕೆ ಬಂದು ನಿಂತುಬಿಟ್ಟಿದೆ. ಕಥೆ ನಡೆಯೋದು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ, 2012ರಲ್ಲಿ. ಹುಡುಗನಿಗೆ ಹದಿನೈದು ವರ್ಷ, ಎಸ್ಸೆಸ್ಸೆಲ್ಸಿ. ಅಪ್ಪ ಅದಿರು ಲಾರಿ ಓಡಿಸುತ್ತಿದ್ದವನು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಲಾರಿಗಳು ಸಾಲಾಗಿ ನಿಂತವಲ್ಲ, ಆಗ ಕೆಲಸ ಹುಡುಕಿಕೊಂಡು ಬೇರೆ ರಾಜ್ಯಕ್ಕೆ ಹೋದ. ಮೊದಮೊದಲು ಫೋನ್ ಬರುತ್ತಿತ್ತು, ಈಗ ಅದೂ ಇಲ್ಲ. ಅಮ್ಮ ಮನೆಯಲ್ಲಿ ಕೂತು ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುತ್ತಾಳೆ. ಹುಡುಗನಿಗೆ ಒಬ್ಬ ಗೆಳೆಯನೂ ಇಲ್ಲ. ಶಾಲೆಯಲ್ಲಿ ಒಬ್ಬ ದಾಂಡಿಗ ಇವನ ಸೈಕಲ್ ಕಿತ್ತುಕೊಳ್ಳುತ್ತಾನೆ. ಮಿಲಿಟರಿಯಿಂದ ರಿಟೈರ್ ಆದ ಒಬ್ಬರು ಹಳೇ ಗೋಡೌನ್‌ನಲ್ಲಿ ಬಾಕ್ಸಿಂಗ್ ಹೇಳಿಕೊಡುತ್ತಿರುತ್ತಾರೆ. ಇವನು ಸೇರುತ್ತಾನೆ. ಜಿಲ್ಲಾ ಮಟ್ಟದಲ್ಲಿ ಅದೇ ದಾಂಡಿಗನನ್ನು ಹೊಡೆದು ಗೆಲ್ಲುತ್ತಾನೆ.

ಈ ಕೊನೆ ನನಗೇ ರುಚಿಸುತ್ತಿಲ್ಲ. ಬಾಕ್ಸಿಂಗ್ ಗೊತ್ತಿರುವವರು, ಸುಮ್ನೆ ಓದುವವರು, ನಮ್ಮ ಕಡೆಯವರು, ಏನನ್ನಿಸುತ್ತೆ ಹೇಳಿ.

ರಾಯಚೂರು ಬಿಸಿಲು
ಕಥೆ ಚೆನ್ನಾಗಿದೆ ಅಣ್ಣಾ. ದಾಂಡಿಗನಿಗೆ ಎರಡು ಬಿಗಿಯೋದನ್ನ ಮಾತ್ರ ಬಿಡಬೇಡಿ. ನಾವು ಓದೋದೇ ಅದಕ್ಕೆ.

ಪ್ಯಾಡ್ ಹಿಡಿಯೋನು (ತೋರಣಗಲ್ಲು)
ನಾನು ಬಾಕ್ಸಿಂಗ್ ಆಡಿದವನು, ಈಗ ಹುಡುಗರು ಹೊಡೆದು ಕಲಿಯೋಕೆ ಕೈಗೆ ಪ್ಯಾಡ್ ಹಾಕಿ ಹಿಡಿಯುತ್ತೇನೆ. ಮೊದಲು ಆ ಸೈಕಲ್ ತೆಗೆಯಿರಿ. 1954ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಹನ್ನೆರಡು ವರ್ಷದ ಮುಹಮ್ಮದ್ ಅಲಿಯ ಸೈಕಲ್ ಕಳುವಾಯಿತು. ಕಳ್ಳನಿಗೆ ಹೊಡೀತೀನಿ ಅಂತ ಹಾರಾಡುತ್ತಿದ್ದವನಿಗೆ, ಮೊದಲು ಹೊಡೆಯೋದು ಕಲಿ ಅಂದವರು ಜೋ ಮಾರ್ಟಿನ್ ಅನ್ನೋ ಪೊಲೀಸ್. ಬಾಕ್ಸಿಂಗ್ ಹಾಲ್‌ನಲ್ಲಿ ಒಂದು ವಾರ ಓಡಾಡಿದವನಿಗೂ ಈ ಕಥೆ ಗೊತ್ತು. ನಿಮ್ಮ ಹುಡುಗನಿಗೆ ಸೈಕಲ್ ಹೋಯಿತು ಅಂದ ತಕ್ಷಣ ಮುಂದಿನದೆಲ್ಲ ಓದುಗನೇ ಹೇಳಿಬಿಡುತ್ತಾನೆ.

ಮತ್ತೆ ನಿಮ್ಮ ಹುಡುಗ 46 ಕೆಜಿ ಇದ್ದಾನು ಅಂದುಕೊಳ್ಳೋಣ, ಅವನು ದಾಂಡಿಗನ ಜೊತೆ ರಿಂಗಿಗೆ ಇಳಿಯೋದು ಹೇಗೆ? ಬೆಳಿಗ್ಗೆ ತೂಕ ಹಾಕುತ್ತಾರೆ ಸ್ವಾಮಿ. ಅವನು 60 ಕೆಜಿ ವಿಭಾಗದಲ್ಲಿ ಆಡುತ್ತಾನೆ, ಇವನು 46ರಲ್ಲಿ. ಇಬ್ಬರೂ ಎದುರಾಗೋದೇ ಇಲ್ಲ.

ಏಳನೇ ಪೀರಿಯಡ್ (ಕೊಪ್ಪಳ)
ನಾನು ಹೈಸ್ಕೂಲ್ ಟೀಚರ್. ಸೈಕಲ್ ವಿಷಯಕ್ಕೆ ನನ್ನದೂ ಒಂದು. ಸರ್ಕಾರ 2006-07ರಿಂದ ಎಂಟನೇ ತರಗತಿಗೆ ಸೈಕಲ್ ಕೊಡುತ್ತಾ ಬಂತು. ಒಂದು ಬ್ಯಾಚಿಗೆ ಬಂದದ್ದೆಲ್ಲ ಒಂದೇ ಬಣ್ಣ, ಒಂದೇ ಮಾದರಿ. ಸ್ಟ್ಯಾಂಡಿನಲ್ಲಿ ಯಾವುದು ಯಾರದು ಅಂತ ಗುರುತಿಸಲು ಮಕ್ಕಳು ಹ್ಯಾಂಡಲ್ಲಿಗೆ ರಿಬ್ಬನ್ ಕಟ್ಟುತ್ತಾರೆ, ಮಡ್‌ಗಾರ್ಡ್ ಮೇಲೆ ಹೆಸರು ಬರೆಯುತ್ತಾರೆ. ಯಾರೋ ತಪ್ಪಿ ಇವನ ಸೈಕಲ್ ತೆಗೆದುಕೊಂಡು ಹೋಗಲಿ, ಇವನು ಉಳಿದಿದ್ದನ್ನು ತೆಗೆದುಕೊಂಡು ಸುಮ್ಮನೆ ಮನೆಗೆ ಹೋಗಲಿ. ಕೇಳುವ ಧೈರ್ಯ ಇಲ್ಲ ಅನ್ನೋದು ಅಷ್ಟರಲ್ಲೇ ಗೊತ್ತಾಗುತ್ತದೆ. ದಾಂಡಿಗ ಯಾಕೆ ಬೇಕು?

ಇನ್ನೊಂದು ಮಾತು. ನೀವು ಒಂಟಿ ಹುಡುಗ ಅಂದ್ರೆ ಹೇಗೆ ತೋರಿಸಿದ್ದೀರೋ ಗೊತ್ತಿಲ್ಲ. ದಯವಿಟ್ಟು ಬೇವಿನ ಮರದ ಕೆಳಗೆ ಕೂರಿಸಬೇಡಿ. ನನ್ನ ಕ್ಲಾಸಿನ ಒಂಟಿ ಮಕ್ಕಳು ಯಾವಾಗಲೂ ಬಿಜಿಯಾಗಿರುತ್ತಾರೆ. ಬೋರ್ಡ್ ಒರೆಸೋದು ಅವರೇ, ಚಾಕ್‌ಪೀಸ್ ತರೋದು ಅವರೇ. ಬಿಸಿಯೂಟದ ಸಾಲಿನಲ್ಲಿ ಬೇಗ ಬೇಗ ತಿಂದು ನಲ್ಲಿ ಹತ್ತಿರ ಹೋಗುತ್ತಾರೆ, ಬೆಲ್ ಹೊಡೆಯುವ ತನಕ ತಟ್ಟೆ ತೊಳೆಯುತ್ತಲೇ ಇರುತ್ತಾರೆ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಾರೆ. ಕೈಯಲ್ಲಿ ಕೆಲಸ ಇದ್ದರೆ ಒಬ್ಬನೇ ಯಾಕಿದ್ದೀಯ ಅಂತ ಯಾರೂ ಕೇಳೋದಿಲ್ಲ, ಅಲ್ವಾ?

ಕೋಟೆಗುಡ್ಡ
ಮೇಡಂ, ನಿಜ ಹೇಳಬೇಕೆಂದರೆ ಎರಡನೇ ಅಧ್ಯಾಯದಲ್ಲಿ ಬೇವಿನ ಮರ ಇದೆ. ಇವತ್ತೇ ಕಡಿಯುತ್ತೇನೆ. ತಟ್ಟೆ ತೊಳೆಯೋದನ್ನ ತಗೊಳ್ಳಬಹುದಾ?

ಏಳನೇ ಪೀರಿಯಡ್
ತಗೊಳ್ಳಿ. ಆದರೆ ಊರು, ಶಾಲೆ ಯಾವುದೂ ಗೊತ್ತಾಗಬಾರದು.

ಗಂಗಾವತಿ ಗರಡಿ
ನಮ್ಮ ಕಡೆ ಹುಡುಗ ಅಂದ ಮೇಲೆ ಗರಡಿ ಮನೆಗೆ ಯಾಕೆ ಹೋಗಲಿಲ್ಲ? ಬಾಕ್ಸಿಂಗ್ ಯಾಕೆ? ಈ ಪ್ರಶ್ನೆಗೆ ಕಾದಂಬರಿಯಲ್ಲಿ ಉತ್ತರ ಇರಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು ಎಲ್ಲಾ ಕಡೆ ಜಾತ್ರೆ ಅಂದ್ರೆ ಕುಸ್ತಿ. ಕಾರಹುಣ್ಣಿಮೆಗೆ ರಾಯಚೂರಲ್ಲಿ ಎತ್ತುಗಳು ಕಲ್ಲು ಎಳೆಯೋದನ್ನ ನೋಡೋಕೆ ಎಷ್ಟು ಜನ ಸೇರ್ತಾರೋ ಕುಸ್ತಿಗೂ ಹಾಗೇ ಸೇರ್ತಾರೆ. ಬಾಕ್ಸಿಂಗ್ ಅಂದ್ರೆ ಮೊನ್ನೆ ಮೊನ್ನೆ ಬಂದದ್ದು.

ಆನೆಗೊಂದಿ ದೋಣಿ
ಮೊನ್ನೆ ಮೊನ್ನೆ ಅನ್ನಬೇಡಿ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಮಹಾನವಮಿ ನೋಡಿ ಬರೆದಿದ್ದಾನೆ. ಇಲ್ಲಿನ ಮಲ್ಲಯುದ್ಧ ನಮ್ಮದರ ಹಾಗಲ್ಲ, ಹಲ್ಲು ಮುರಿಯುವ, ಕಣ್ಣು ಕೀಳುವ, ಮುಖ ಕೆಡಿಸುವ ಹೊಡೆತಗಳಿರುತ್ತವೆ, ಮಾತೇ ನಿಂತುಹೋದವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಾರೆ ಅಂತ. ತೀರ್ಪು ಹೇಳುವವರೂ ಇದ್ದರಂತೆ. ಮೈಸೂರು ದಸರಾದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇವತ್ತಿಗೂ ನಡೆಯುತ್ತದೆ, ರಕ್ತ ಕಂಡ ಕೂಡಲೇ ನಿಲ್ಲಿಸುತ್ತಾರೆ. ಮುಷ್ಟಿ ನಮಗೇನೂ ಹೊಸದಲ್ಲ.

ರಾಯಚೂರು ಬಿಸಿಲು
ಇದನ್ನೆಲ್ಲ ಕೋಚ್ ಬಾಯಲ್ಲಿ ಹೇಳಿಸಿಬಿಟ್ಟರೆ ನಾನು ಆ ಪುಟ ಹಾರಿಸ್ತೀನಿ, ಮೊದಲೇ ಹೇಳ್ತಿದ್ದೇನೆ.

ಪ್ಯಾಡ್ ಹಿಡಿಯೋನು
ಗರಡಿ ಅಣ್ಣನ ಪ್ರಶ್ನೆ ಸರಿಯಾಗಿದೆ. ನನಗೆ ಕಂಡ ಉತ್ತರ ಇದು. ಗರಡಿ ಮನೆಯಲ್ಲಿ ಒಂಟಿಯಾಗಿರೋಕೆ ಜಾಗವೇ ಇಲ್ಲ. ಕೆಮ್ಮಣ್ಣು ಅಗೆಯೋದು ನಾಲ್ಕು ಜನ ಸೇರಿ, ಎಣ್ಣೆ ತಿಕ್ಕೋದು ಒಬ್ಬರಿಗೊಬ್ಬರು, ಮೊದಲ ದಿನವೇ ಯಾರೋ ಕತ್ತಿಗೆ ಕೈ ಹಾಕುತ್ತಾರೆ. ಮನುಷ್ಯರ ಹತ್ತಿರ ನಿಲ್ಲೋಕೇ ಹೆದರುವ ಹುಡುಗ ಅಲ್ಲಿ ಒಂದು ದಿನ ಇರಲ್ಲ. ಬಾಕ್ಸಿಂಗ್‌ನಲ್ಲಿ ಮೊದಲು ಕಲಿಸೋದು ನಿಲ್ಲೋದು, ಆಮೇಲೆ ಹೆಜ್ಜೆ, ಆಮೇಲೆ ಸ್ಕಿಪ್ಪಿಂಗ್, ಆಮೇಲೆ ಶ್ಯಾಡೋ, ಅಂದ್ರೆ ಎದುರಿಗೆ ಯಾರೂ ಇಲ್ಲದೆ ಗಾಳಿಗೆ ಹೊಡೆಯೋದು. ವಾರಗಟ್ಟಲೆ ಯಾರನ್ನೂ ಮುಟ್ಟಬೇಕಿಲ್ಲ, ಯಾರ ಜೊತೆಗೂ ಮಾತಾಡಬೇಕಿಲ್ಲ. ಒಬ್ಬನೇ ಇದ್ದರೂ ಇಲ್ಲಿ ಯಾರೂ ವಿಚಿತ್ರವಾಗಿ ನೋಡೋದಿಲ್ಲ. ಮೇಡಂ ಹೇಳಿದ ತಟ್ಟೆ ತೊಳೆಯೋ ಹುಡುಗ ಇಲ್ಲಿಗೇ ಬರ್ತಾನೆ.

ಕಷ್ಟ ಶುರುವಾಗೋದು ಸ್ಪಾರಿಂಗ್ ದಿನ, ಅಂದ್ರೆ ಅಭ್ಯಾಸಕ್ಕೆ ಇಬ್ಬರನ್ನ ಎದುರುಬದುರು ಆಡಿಸೋ ದಿನ. ಆಗ ಎದುರಿಗೆ ಇರುವವನ ಮುಖ ನೋಡಲೇಬೇಕು. ಕಣ್ಣು ತಗ್ಗಿಸಿದರೆ ಹೊಡೆತ ಕಾಣಲ್ಲ. ಮೂಗಿನ ಮೇಲೆ ಮೊದಲ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಬಿದ್ದಾಗ ಯಾರಿಗಾದರೂ ಕಣ್ಣಲ್ಲಿ ನೀರು ಬರುತ್ತೆ. ಅಳುವಲ್ಲ ಅದು, ಮೂಗಿಗೆ ಬಿದ್ದರೆ ತಾನೇ ಬರುತ್ತೆ. ಹೊಸ ಹುಡುಗರು ನಾಚಿಕೊಂಡು ಗ್ಲೌಸ್‌ನಲ್ಲಿ ಒರೆಸಿಕೊಳ್ಳೋಕೆ ಹೋಗ್ತಾರೆ, ಅಷ್ಟರಲ್ಲಿ ಇನ್ನೊಂದು ಬೀಳುತ್ತೆ. ನಿಮ್ಮ ಹುಡುಗ ಮನೆಯಲ್ಲಿ ಅಮ್ಮನಿಗೆ ಕಾಣದ ಹಾಗೆ ಅತ್ತು ಅಭ್ಯಾಸ ಇರೋನು. ಇಲ್ಲಿ ಎಲ್ಲರ ಎದುರು ಕಣ್ಣೀರು ಸುರಿಯುತ್ತೆ, ಯಾರೂ ಏನೂ ಕೇಳಲ್ಲ. ಇದನ್ನು ಬರೆಯಿರಿ.

ಗಂಗಾವತಿ ಗರಡಿ
ಒಪ್ಪಿದೆ. ಆದರೂ ಒಂದು ದಿನ ಗರಡಿಗೆ ಹೋಗಿ ಓಡಿಬರಲಿ.

ಜೀನ್ಸ್ ಅಕ್ಕ (ಬಳ್ಳಾರಿ)
ಅಣ್ಣಾ, ಬಾಕ್ಸಿಂಗ್ ನನಗೆ ಗೊತ್ತಿಲ್ಲ. ಜೀನ್ಸ್ ಗೊತ್ತು. ಹುಡುಗನ ಕೈಗೆ ಬಟ್ಟೆ ಸುತ್ತುತ್ತಾರಲ್ಲ, ಅದನ್ನ ಅಮ್ಮ ಜೀನ್ಸ್ ಬಟ್ಟೆಯಲ್ಲಿ ಹೊಲಿದುಕೊಡ್ತಾಳೆ ಅಂತ ಏನಾದ್ರೂ ಬರೆದಿದ್ದೀರಾ? ಬರೆದಿದ್ದರೆ ತೆಗೀರಿ. ಹೊಸ ಡೆನಿಮ್ ಬಿರುಸು, ಬೆರಳ ಸಂದಿ ಕೊಯ್ಯುತ್ತೆ, ಬಣ್ಣ ಬೇರೆ ಬಿಡುತ್ತೆ. ವಾಷಿಂಗ್‌ಗೆ ಹೋಗದ ಪ್ಯಾಂಟ್ ದಿನವಿಡೀ ಹಿಡಿದರೆ ಸಂಜೆಗೆ ಬೆರಳೆಲ್ಲ ನೀಲಿ. ಜೇಬಿಗೆ ಒಳಗಡೆ ಹಾಕೋ ಬಿಳಿ ಬಟ್ಟೆ ಇರುತ್ತಲ್ಲ, ಪಾಕೆಟ್ ಬಟ್ಟೆ, ಅದು ಮೆತ್ತಗೆ. ಅದರ ಪಟ್ಟಿ ಉದ್ದಕ್ಕೆ ಜೋಡಿಸಿ ಹೊಲಿಯಬಹುದು. ಯೂನಿಟ್‌ನಲ್ಲಿ ಉಳಿದದ್ದು ಸಿಗುತ್ತೆ.

ಪ್ಯಾಡ್ ಹಿಡಿಯೋನು
ಅಕ್ಕಾ, ಸರಿಯಾಗಿ ಹೇಳಿದ್ರಿ. ಕೈಗೆ ಸುತ್ತೋ ಪಟ್ಟಿ ನಾಲ್ಕೂವರೆ ಮೀಟರ್ ತನಕ ಇರುತ್ತೆ. ತುದಿಯಲ್ಲಿ ಹೆಬ್ಬೆರಳಿಗೆ ಒಂದು ಕುಣಿಕೆ, ಮಣಿಕಟ್ಟಿಗೆ ಎರಡು ಮೂರು ಸುತ್ತು, ಗೆಣ್ಣಿನ ಮೇಲೆ ಮತ್ತೆ ಎರಡು ಮೂರು, ಆಮೇಲೆ ಬೆರಳ ಸಂದಿಯಿಂದ ಒಂದೊಂದಾಗಿ ತಂದು ಪುನಃ ಮಣಿಕಟ್ಟಿಗೆ. ಹೊಲಿಗೆ ಬರೋ ಜಾಗ ಗೆಣ್ಣಿನ ಮೇಲೆ ಕೂರಬಾರದು, ಚರ್ಮ ಕಿತ್ತುಬರುತ್ತೆ. ಅಮ್ಮ ಜೋಡಿಸಿ ಹೊಲಿದಿದ್ದರೆ ಈ ತೊಂದರೆ ಖಂಡಿತ ಬರುತ್ತೆ. ಹುಡುಗ ಅಮ್ಮನಿಗೆ ಹೇಳೋದಿಲ್ಲ. ಒಂದು ದಿನ ಪಟ್ಟಿ ಒಗೆಯುವಾಗ ರಕ್ತದ ಕಲೆ ನೋಡಿ, ಅವಳೇ ಬಿಚ್ಚಿ ಬೇರೆ ಜಾಗಕ್ಕೆ ಹೊಲಿಗೆ ಹಾಕಲಿ.

ಇನ್ನು ತೂಗುಹಾಕಿ ಹೊಡೆಯೋ ಬ್ಯಾಗ್ ವಿಷಯ. ಮರಳು ತುಂಬಿದರೆ ಕೆಳಗೆ ಇಳಿದು ಕಲ್ಲಾಗುತ್ತೆ, ಮಣಿಕಟ್ಟು ಹೋಗುತ್ತೆ. ಚಿಂದಿ ತುಂಬಬೇಕು. ಬಳ್ಳಾರಿಯಲ್ಲಿ ಜೀನ್ಸ್ ಚಿಂದಿಗೆ ಬರವೇ?

ಜೀನ್ಸ್ ಅಕ್ಕ
ಎಷ್ಟು ಬೇಕು ಹೇಳಿ, ಮೂಟೆ ಕಳಿಸ್ತೀನಿ. ಗುಂಡಿ, ಜಿಪ್ಪು ಇರೋ ತುಂಡು ಬೇರೆ ತೆಗೀಬೇಕು. ಇಲ್ಲಾಂದ್ರೆ ಕೈಗೆ ಚುಚ್ಚುತ್ತೆ. ಆ ಕೆಲಸ ಹುಡುಗನಿಗೆ ಕೊಡಿ.

ಕೋಟೆಗುಡ್ಡ
ಅಕ್ಕಾ, ನೀವು ಈ ಎರಡು ಪೋಸ್ಟ್‌ನಲ್ಲಿ ನನಗೆ ಒಂದು ಅಧ್ಯಾಯ ಕೊಟ್ಟಿರಿ. ಕೋಚ್ ಹೇಳುವ ಮೊದಲ ಕೆಲಸ ಇದೇ ಆಗಲಿ: ಚಿಂದಿ ಆರಿಸೋದು.

ಪ್ಯಾಡ್ ಅಣ್ಣಾ, ಇನ್ನೊಂದು ಕೇಳಬೇಕಿತ್ತು. ಕಥೆಯನ್ನು 2012ರಿಂದ 2019ಕ್ಕೆ ತಂದರೆ ಹೇಗೆ? ತೋರಣಗಲ್ಲಿನ ಕ್ರೀಡಾ ಸಂಸ್ಥೆಯನ್ನೂ ತರಬಹುದು.

ಪ್ಯಾಡ್ ಹಿಡಿಯೋನು
ತರಬಹುದು, ಆದರೆ ಕಥೆ ಬದಲಾಗುತ್ತೆ. ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಗಿದ್ದು 2018ರಲ್ಲಿ. 2021ರ ಸೆಪ್ಟೆಂಬರ್‌ನಲ್ಲಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅಲ್ಲೇ ನಡೆಯಿತು. ಅಲ್ಲಿ ತರಬೇತಿ ಪಡೆದ ನಿಶಾಂತ್ ದೇವ್ 2023ರಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ತಂದ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್ ತನಕ ಹೋದ. ಈಗ ನಮ್ಮ ಜಿಲ್ಲೆಯ ಹುಡುಗನಿಗೆ ಬಾಕ್ಸಿಂಗ್ ಅಂದ್ರೆ ಕಣ್ಣೆದುರಿಗೆ ಒಂದು ದಾರಿ ಇದೆ, ಕೊನೇಪಕ್ಷ ಗೇಟಾದರೂ ಕಾಣುತ್ತೆ. 2012ರಲ್ಲಿ ಗೇಟೂ ಇರಲಿಲ್ಲ.

2012 ಅಂದ್ರೆ ನೋಡಿ. ಆಗಸ್ಟ್‌ನಲ್ಲಿ ಮೇರಿ ಕೋಮ್ ಲಂಡನ್‌ನಲ್ಲಿ ಕಂಚು ಗೆದ್ದರು. ಒಲಿಂಪಿಕ್ಸ್‌ನಲ್ಲಿ ಮಹಿಳಾ ಬಾಕ್ಸಿಂಗ್ ಬಂದಿದ್ದೇ ಆ ಸಲ. ಹುಡುಗ ಅದನ್ನು ಟೀ ಅಂಗಡಿಯ ಟಿವಿಯಲ್ಲಿ ನೋಡಿರುತ್ತಾನೆ. ಅದಾಗಿ ನಾಲ್ಕೇ ತಿಂಗಳು, ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ ಭಾರತದ ಬಾಕ್ಸಿಂಗ್ ಫೆಡರೇಷನ್ನನ್ನೇ ಅಮಾನತು ಮಾಡಿತು, ಚುನಾವಣೆ ಸರಿಯಾಗಿ ನಡೆಸಲಿಲ್ಲ ಅಂತ. 2013ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಮ್ಮವರು ತಿರಂಗಾ ಇಲ್ಲದೆ, ಆ ಸಂಸ್ಥೆಯ ಬಾವುಟದ ಕೆಳಗೆ ಆಡಿದರು. ಮೇಲೆ ಹೀಗಾದರೆ ಕೆಳಗೆ ಗೋಡೌನ್‌ನಲ್ಲಿ ಸ್ಕಿಪ್ಪಿಂಗ್ ಆಡುತ್ತಿರುವ ಹುಡುಗನ ಗತಿ ಏನು? ಅಪ್ಪನ ಲಾರಿ ನಿಂತ ಹಾಗೆ ಇವನ ಆಟವೂ ನಿಲ್ಲುತ್ತೆ, ಇಬ್ಬರಿಗೂ ಕಾರಣ ಎಲ್ಲೋ ದೆಹಲಿಯಲ್ಲಿ. 2012 ಬಿಡಬೇಡಿ.

ಆನೆಗೊಂದಿ ದೋಣಿ
ಆಗ ಪಾಯಿಂಟ್ ಕೊಡೋದು ಬೇರೆ ಥರ ಇತ್ತಲ್ಲ?

ಪ್ಯಾಡ್ ಹಿಡಿಯೋನು
ಹೌದು. ದೊಡ್ಡ ಪಂದ್ಯಗಳಲ್ಲಿ ಜಡ್ಜ್‌ಗಳು ಬಟನ್ ಒತ್ತಿ ಹೊಡೆತ ಲೆಕ್ಕ ಹಾಕುತ್ತಿದ್ದರು. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಹೆಚ್ಚು ಹೊಡೆದರೂ ಸೋತ ಅಂತ ತೀರ್ಪಾಗಿ ಅಮೆರಿಕದ ರಾಯ್ ಜೋನ್ಸ್‌ಗೆ ಆದ ಅನ್ಯಾಯದ ಗಲಾಟೆಯ ನಂತರ ಬಂದ ಪದ್ಧತಿ ಅದು. 2013ರಿಂದ ಪ್ರತಿ ಸುತ್ತು ಗೆದ್ದವನಿಗೆ ಹತ್ತು ಪಾಯಿಂಟ್, ಸೋತವನಿಗೆ ಅದಕ್ಕಿಂತ ಕಡಿಮೆ. ನಿಮ್ಮ ಹುಡುಗ ಜೂನಿಯರ್, ಅಂದ್ರೆ ಎರಡೆರಡು ನಿಮಿಷದ ಮೂರು ಸುತ್ತು, ತಲೆಗೆ ಗಾರ್ಡ್ ಇರುತ್ತೆ. ಇದಕ್ಕಿಂತ ಜಾಸ್ತಿ ಕಾದಂಬರಿಗೆ ಬೇಡ.

ಈಗ ನಿಮ್ಮ ಅಸಲಿ ಪ್ರಶ್ನೆಗೆ ಬರ್ತೀನಿ, ಕೊನೆಯ ಫೈಟ್. ನಮ್ಮಂಥ ಜಿಲ್ಲೆಗಳಲ್ಲಿ ಆಯ್ಕೆ ಪಂದ್ಯ ಅಂದ್ರೆ ಒಂದೊಂದು ತೂಕಕ್ಕೆ ಇಬ್ಬರು ಬಂದರೆ ಹೆಚ್ಚು. 46ರಂಥ ಕಡಿಮೆ ತೂಕಕ್ಕೆ ಹಲವು ಸಲ ಒಬ್ಬನೇ. ಹೆಸರು ಕೊಟ್ಟಿರುವ ಇನ್ನೊಬ್ಬ ಬರೋದೇ ಇಲ್ಲ. ಬಸ್ ಸಿಕ್ಕಿರಲ್ಲ, ಜ್ವರ ಬಂದಿರುತ್ತೆ, ಮನೆಯಲ್ಲಿ ಬಿಟ್ಟಿರಲ್ಲ. ಆದರೂ ನಿಯಮ ನಿಯಮವೇ. ನೀವು ಗ್ಲೌಸ್, ಗಾರ್ಡ್ ಎಲ್ಲಾ ಹಾಕಿಕೊಂಡು ರಿಂಗಿಗೆ ಇಳಿಯಬೇಕು. ಎದುರಾಳಿಯ ಹೆಸರು ಕೂಗ್ತಾರೆ. ಗಂಟೆ ಹೊಡೀತಾರೆ. ಕಾಯ್ತಾರೆ. ಬರದಿದ್ದರೆ ರೆಫರಿ ನಿಮ್ಮ ಕೈ ಎತ್ತುತ್ತಾನೆ. ವಾಕ್‌ಓವರ್. ಚಿನ್ನ.

ಇಷ್ಟು ವರ್ಷ ಒಬ್ಬನೇ ಇದ್ದ ಹುಡುಗ. ಕೊನೆಗೂ ಒಬ್ಬ ಮನುಷ್ಯನ ಮುಖ ನೋಡಿ ನಿಲ್ಲೋಕೆ ಕಲಿತ. ರಿಂಗಿಗೆ ಇಳಿದ. ಎದುರಿಗೆ ಯಾರೂ ಇಲ್ಲ. ನಿಮ್ಮ ಕಾದಂಬರಿ ಇದು.

ರಾಯಚೂರು ಬಿಸಿಲು
ಮುನ್ನೂರು ಪುಟ ಓದಿಸಿ ಕೊನೆಗೆ "ಎದುರಾಳಿ ಬರಲಿಲ್ಲ" ಅಂದ್ರೆ ನಾನಂತೂ ಪುಸ್ತಕ ಎಸೀತೀನಿ. ಸಿಟ್ಟಲ್ಲ, ಪ್ರೀತಿಯಿಂದಲೇ ಹೇಳ್ತಿದ್ದೇನೆ.

ಏಳನೇ ಪೀರಿಯಡ್
ಎಸೀಬೇಡಿ, ಸ್ವಲ್ಪ ನಿಲ್ಲಿ. ಅದು ಕೊನೆಯಲ್ಲಿ ಯಾಕಿರಬೇಕು? ನಡುವೆ ಇರಲಿ. ಶಾಲೆಗಳಲ್ಲಿ ಏನಾಗುತ್ತದೆ ನಾನು ಹೇಳುತ್ತೇನೆ. ಜಿಲ್ಲಾ ಮಟ್ಟದಲ್ಲಿ ಚಿನ್ನ ಅಂದ್ರೆ ಮರುದಿನ ಪ್ರಾರ್ಥನೆಯಲ್ಲಿ ಕರೆದು ನಿಲ್ಲಿಸುತ್ತಾರೆ, ಎಲ್ಲರೂ ಚಪ್ಪಾಳೆ. ಯಾರೂ "ಎಷ್ಟು ಜನರನ್ನ ಸೋಲಿಸಿದೆ" ಅಂತ ಕೇಳಲ್ಲ. ಸರ್ಟಿಫಿಕೇಟ್‌ನಲ್ಲಿ ಪ್ರಥಮ ಸ್ಥಾನ ಅಂತ ಮಾತ್ರ ಇರುತ್ತದೆ. ಅವತ್ತು ಮಧ್ಯಾಹ್ನ ಬಿಸಿಯೂಟದಲ್ಲಿ ಹುಡುಗರು ಇವನ ಪಕ್ಕ ಬಂದು ಕೂರುತ್ತಾರೆ. "ಹೆಂಗ ಹೊಡೆದ್ಯಲೇ, ಎಲ್ಲಿ ಬಿತ್ತು ಏಟು?" ಆಗ ಇವನು ಏನು ಹೇಳಬೇಕು? ಯಾರೂ ಬಂದಿರಲಿಲ್ಲ ಅಂದ್ರೆ ಎಲ್ಲಾ ಎದ್ದು ಹೋಗ್ತಾರೆ. ಸುಳ್ಳು ಹೇಳಿದರೆ ಕೂತಿರ್ತಾರೆ.

ಹೇಳ್ತಾನೆ, ಸುಳ್ಳನ್ನೇ ಹೇಳ್ತಾನೆ. ಯಾವ ಮಗುವಾದರೂ ಅದನ್ನೇ ಮಾಡುತ್ತದೆ. ಇವನಿಗೆ ಮೊದಲ ಸಲ ಗೆಳೆಯರು ಸಿಕ್ಕಿದ್ದು, ಆಗದೇ ಇದ್ದ ಒಂದು ಫೈಟಿನಿಂದ.

ಜೀನ್ಸ್ ಅಕ್ಕ
ಅಯ್ಯೋ ಪಾಪ. ಅಮ್ಮನಿಗೂ ಅದೇ ಸುಳ್ಳು ಹೇಳ್ತಾನಾ?

ಏಳನೇ ಪೀರಿಯಡ್
ಅಮ್ಮ ಮುಖ ನೋಡ್ತಾಳಲ್ಲ. ಒಂದು ಗಾಯವೂ ಇಲ್ಲ. ಅವಳಿಗೆ ಗೊತ್ತಾಗುತ್ತೆ.

ಗಂಗಾವತಿ ಗರಡಿ
ಇದು ಬಂತು ನೋಡಿ! ಇನ್ನು ಮುಂದಿನ ಹಂತ ಕಲಬುರಗಿ ವಿಭಾಗ ಮಟ್ಟ. ಅಲ್ಲಿ ಎದುರಾಳಿ ಬರ್ತಾನೆ. ಇವನ ಜೊತೆ ಆ ಗೆಳೆಯರೂ ಬರಲಿ, ರೈಲಿನಲ್ಲಿ, ಕೂಗಾಡ್ಕೊಂಡು. ನಮ್ಮ ಹುಡುಗ ಈ ಸಲವೂ ಮಲಗಿಸ್ತಾನೆ ಅಂತ.

ಪ್ಯಾಡ್ ಹಿಡಿಯೋನು
ಎದುರಾಳಿ ಎಡಗೈಯವನಾಗಿರಲಿ. ನಮ್ಮ ಹುಡುಗ ಗೋಡೌನ್‌ನಲ್ಲಿ ಎಡಗೈಯವರ ಜೊತೆ ಆಡಿಯೇ ಇರಲ್ಲ. ಬಲಗೈಯವನು, ಎಡಗೈಯವನು ಎದುರಾದರೆ ಇಬ್ಬರ ಮುಂದಿನ ಕಾಲೂ ಒಂದೇ ಜಾಗಕ್ಕೆ ಬರುತ್ತೆ, ಬೆರಳು ತುಳಿದುಕೊಳ್ತಾರೆ. ಗೊತ್ತಿರೋನು ತನ್ನ ಕಾಲನ್ನ ಹೊರಗೆ ಇಡ್ತಾನೆ. ಗೊತ್ತಿಲ್ಲದವನು ಕೆಳಗೆ ನೋಡ್ತಾನೆ. ಕೆಳಗೆ ನೋಡಿದ ಕ್ಷಣ ಎಡಗೈ ನೇರವಾಗಿ ಗದ್ದಕ್ಕೆ ಬರುತ್ತೆ. ರೆಫರಿ ಎಂಟರ ತನಕ ಎಣಿಸ್ತಾನೆ. ಒಂದೇ ಸುತ್ತಿನಲ್ಲಿ ಮೂರು ಸಲ ಹಾಗೆ ಎಣಿಸಿದರೆ ಪಂದ್ಯ ನಿಲ್ಲಿಸ್ತಾರೆ. ಮೊದಲ ಸುತ್ತಿನಲ್ಲೇ ಮುಗೀತು.

ಆದರೂ ಅದು ಅವನ ಮೊದಲ ಪಂದ್ಯ.

ರಾಯಚೂರು ಬಿಸಿಲು
ಸೋತ ಮೇಲೆ ಗೆಳೆಯರು?

ಕೋಟೆಗುಡ್ಡ
ಇದನ್ನೇ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಅರ್ಧ ಜನ ರೈಲಿನಲ್ಲಿ ಬೇರೆ ಡಬ್ಬಿಗೆ ಹೋಗುತ್ತಾರೆ. ಒಬ್ಬ ಉಳಿಯುತ್ತಾನೆ. ಮೊದಲ ಅಧ್ಯಾಯದಲ್ಲಿ ತಪ್ಪಿ ಇವನ ಸೈಕಲ್ ತೆಗೆದುಕೊಂಡು ಹೋದವನು. ಮೇಡಂ ಹೇಳಿದ ಮೇಲೆ ದಾಂಡಿಗನನ್ನು ಕೈಬಿಟ್ಟೆ, ಆ ಜಾಗಕ್ಕೆ ಇವನು ಬಂದ. "ಆ ವಾಕ್‌ಓವರ್ ನನಗ ಮೊದಲೇ ಗೊತ್ತಿತ್ತಲೇ" ಅಂತಾನೆ. ಅವನ ಅಣ್ಣ ಅವತ್ತು ಪಂದ್ಯ ನೋಡೋಕೆ ಬಂದಿರುತ್ತಾನೆ. ಗೊತ್ತಿದ್ದೂ ಇಷ್ಟು ದಿನ ಪಕ್ಕದಲ್ಲಿ ಕೂತು ಊಟ ಮಾಡಿದ್ದಾನೆ.

ವಾಕ್‌ಓವರ್ ದೃಶ್ಯ ರಾತ್ರಿ ಬರೆದೆ. ಒಂದು ತುಂಡು ಹಾಕುತ್ತೇನೆ, ಬೈಯೋರು ಬೈಯಬಹುದು:

"ಮೈಕ್‌ನಲ್ಲಿ ಇನ್ನೊಬ್ಬನ ಹೆಸರು ಕೂಗಿದರು. ಶಾಮಿಯಾನದ ಕೆಳಗೆ ಒಗ್ಗರಣೆ ಮಂಡಾಳು, ಮಿರ್ಚಿ ತಿನ್ನುತ್ತಿದ್ದವರು ಒಮ್ಮೆ ತಿರುಗಿ ನೋಡಿದರು. ಹುಡುಗ ತನ್ನ ಮೂಲೆಯಲ್ಲಿ ಕೈ ಎತ್ತಿಕೊಂಡೇ ನಿಂತಿದ್ದ, ಕೋಚ್ ಹೇಳಿದ ಹಾಗೆ, ಗದ್ದದ ಹತ್ತಿರ. ಎದುರು ಮೂಲೆಯ ಸ್ಟೂಲಿನ ಮೇಲೆ ಯಾರೋ ನೀರಿನ ಬಾಟ್ಲಿ ಇಟ್ಟು ಹೋಗಿದ್ದರು. ಗಂಟೆ ಹೊಡೆಯಿತು. ಅವನು ಒಂದು ಹೆಜ್ಜೆ ಮುಂದೆ ಹೋದ. ರೆಫರಿ ಕೈ ತೋರಿಸಿ ತಡೆದ. 'ಸರ್, ಅವನು ಬರ್ತಾನೆ ಸರ್' ಅಂದ ಹುಡುಗ. ಹಿಂದಿನಿಂದ ಕೋಚ್ ಹೇಳಿದರು, 'ಸುಮ್ಕ ನಿಂತ್ಕ. ಎಲ್ಲಿಗೂ ಹೋಗಬ್ಯಾಡ.' ಮತ್ತೆ ಹೆಸರು ಕೂಗಿದರು."

ಏಳನೇ ಪೀರಿಯಡ್
"ಅವನು ಬರ್ತಾನೆ ಸರ್." ಇಷ್ಟು ಸಾಕು. ಇದರ ಮೇಲೆ ಒಂದು ವಾಕ್ಯವೂ ವಿವರಣೆ ಬೇಡ.

ರಾಯಚೂರು ಬಿಸಿಲು
ಸರಿ, ಓದ್ತೀನಿ. ಆದ್ರೂ ದಾಂಡಿಗನಿಗೆ ಒಂದು ಏಟಾದರೂ ಬೀಳಬೇಕಿತ್ತು.

ಪ್ಯಾಡ್ ಹಿಡಿಯೋನು
ಮೇಡಂ, ಆ ಮಾತಿನಲ್ಲೇ ಒಂದು ತೊಡಕಿದೆ. ಗಂಟೆ ಹೊಡೆದ ಮೇಲೆ ಬಾಯಲ್ಲಿ ಮೌತ್‌ಗಾರ್ಡ್ ಇರುತ್ತೆ. ಅದನ್ನ ಕಚ್ಚಿಕೊಂಡು ಅಷ್ಟು ಸ್ಪಷ್ಟವಾಗಿ "ಸರ್, ಅವನು ಬರ್ತಾನೆ" ಅನ್ನೋಕಾಗಲ್ಲ, ಜೊಲ್ಲು ಸುರಿಯುತ್ತೆ. ಗ್ಲೌಸ್ ಹಾಕಿದ ಕೈಯಲ್ಲಿ ತೆಗೆಯೋಕೂ ಬರಲ್ಲ. ಉಗುಳಬೇಕು, ಇಲ್ಲಾ ಮಾತು ಅರ್ಥ ಆಗಬಾರದು.

ಕೋಟೆಗುಡ್ಡ
ಅರ್ಥ ಆಗೋದು ಬೇಡ. ರೆಫರಿ "ಏನು?" ಅಂತ ಕೇಳಲಿ, ಇವನು ಮತ್ತೆ ಹೇಳಲಿ, ಆಗಲೂ ತಿಳಿಯದಿರಲಿ. ಅಕ್ಕಾ, ಪಾಕೆಟ್ ಬಟ್ಟೆಯ ಪಟ್ಟಿ ಎಷ್ಟು ಒಗೆತ ತಡೆಯುತ್ತೆ ಅಂತ ಒಂದಿಷ್ಟು ಹೇಳಿ, ಮುಂದಿನ ಅಧ್ಯಾಯಕ್ಕೆ ಬೇಕು.

ಜೀನ್ಸ್ ಅಕ್ಕ
ಬಟ್ಟೆ ತಡೆಯುತ್ತೆ, ಜೋಡಿಸಿದ ಹೊಲಿಗೆ ಮೊದಲು ಬಿಡುತ್ತೆ. ಡಬಲ್ ಹಾಕಿಸಿ. ಆ ಅಮ್ಮನ ಹತ್ರ ಮಿಷನ್ ಇದೆಯಾ, ಇಲ್ಲಾ ಪಕ್ಕದ ಮನೆಗೆ ಹೋಗಿ ಹೊಲೀಬೇಕಾ? ದಾರ ಕತ್ತರಿಸೋರ ಮನೇಲಿ ಕತ್ತರಿ ಮಾತ್ರ ಇರುತ್ತೆ ಅಣ್ಣಾ.